ಮರಳಿ ಬಂದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರೇಡಿಯೇಷನ್: ಅಡ್ಡಪರಿಣಾಮಗಳನ್ನು ನಿಭಾಯಿಸುವುದು ಹೇಗೆ

ಅಪ್ಪನ ರೇಡಿಯೇಷನ್ ಶುರುವಾಗಿ ನಾಲ್ಕನೇ ವಾರ. ಒಂದು ರಾತ್ರಿ ಬಚ್ಚಲಿನ ದೀಪ ಎಷ್ಟು ಸಲ ಹತ್ತುತ್ತದೆ ಅಂತ ಮಲಗಿದಲ್ಲಿಂದಲೇ ಎಣಿಸಿದೆ. ಏಳು ಸಲ. ಮಾರನೇ ದಿನ ಡಾಕ್ಟರ್ "ಒಂದಕ್ಕೆ ಹೇಗೆ ಹೋಗ್ತಿದೆ?" ಅಂತ ಕೇಳಿದರು. ಅಪ್ಪ "ಪರವಾಗಿಲ್ಲ ಸರ್" ಅಂದರು. ಡಾಕ್ಟರ್ ಹಾಗೇ ಬರೆದುಕೊಂಡರು.

ಆ ಒಂದು "ಪರವಾಗಿಲ್ಲ"ದಿಂದ ಅಪ್ಪನಿಗೆ ಇನ್ನೂ ಹತ್ತು ರಾತ್ರಿ ನಿದ್ದೆ ಇಲ್ಲ. ಕೊನೆಗೆ ಬಾಯಿಬಿಟ್ಟು ಹೇಳಿದಾಗ ಮೂತ್ರ ಪರೀಕ್ಷೆ ಮಾಡಿ, ರಾತ್ರಿಗೆ ಒಂದು ಮಾತ್ರೆ ಕೊಟ್ಟರು. ವಾರದೊಳಗೆ ಏಳು ಸಲ ಇದ್ದದ್ದು ಮೂರಕ್ಕೆ ಇಳಿಯಿತು. ಈ ಚಿಕಿತ್ಸೆಯ ತೊಂದರೆಗಳಲ್ಲಿ ಬಹುಪಾಲಿಗೆ ಏನಾದರೊಂದು ದಾರಿ ಇದೆ. ಆದರೆ ಹೇಳಿದರೆ ಮಾತ್ರ. ತೊಂದರೆ ಆಗುವ ಜಾಗ ಅಂಥದ್ದು, ಗಂಡಸರು ಹೆಂಡತಿಯ ಹತ್ತಿರವೂ ಹೇಳದೆ ನುಂಗಿಕೊಳ್ಳುತ್ತಾರೆ. ಅಪ್ಪನ ಜೊತೆ ಓಡಾಡಿ, ಡಾಕ್ಟರ್‌ಗಳನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಮಾತ್ರೆಗಳ ಹೆಸರು ಕೊಟ್ಟಿರುವುದು ನೀವು ಕೇಳಲಿ ಅಂತ, ನೀವೇ ತಗೊಳ್ಳಲಿ ಅಂತ ಅಲ್ಲ.

ಒಳಗೆ ಏನಾಗುತ್ತಿದೆ ಅಂತ ಮೊದಲು ತಿಳಿಯಿರಿ

ಆಪರೇಷನ್ ಮಾಡಿ ಪ್ರಾಸ್ಟೇಟ್ ಗ್ರಂಥಿ ತೆಗೆದ ಮೇಲೆ ರಕ್ತದಲ್ಲಿ, ಆ ಗ್ರಂಥಿ ತಯಾರಿಸುವ ಪ್ರೋಟೀನ್ ಆದ ಪಿಎಸ್‌ಎ ಹೆಚ್ಚುಕಡಿಮೆ ಕಾಣಿಸಲೇಬಾರದು. ಅದು ಮಿಲಿಲೀಟರ್‌ಗೆ 0.2 ನ್ಯಾನೋಗ್ರಾಂ ಮುಟ್ಟಿ, ಇನ್ನೊಂದು ಪರೀಕ್ಷೆಯಲ್ಲೂ ಅದೇ ಬಂದರೆ ಕ್ಯಾನ್ಸರ್ ಮರಳಿದೆ ಅಂತ ಲೆಕ್ಕ. ಆಗ ಗ್ರಂಥಿ ಇದ್ದ ಜಾಗಕ್ಕೆ ಹೊರಗಿನಿಂದ ರೇಡಿಯೇಷನ್ ಕೊಡುತ್ತಾರೆ. ಸಾಮಾನ್ಯವಾಗಿ ಒಟ್ಟು 64ರಿಂದ 72 ಗ್ರೇ (ರೇಡಿಯೇಷನ್ ಡೋಸ್ ಅಳೆಯುವ ಮಾನ), ವಾರಕ್ಕೆ 5 ದಿನದಂತೆ ಆರೂವರೆ ಏಳು ವಾರ. ಕೆಲವರಿಗೆ ದಿನದ ಡೋಸ್ ಜಾಸ್ತಿ ಮಾಡಿ ದಿನಗಳನ್ನು ಕಡಿಮೆ ಮಾಡುತ್ತಾರೆ. ಮೊದಲ ಚಿಕಿತ್ಸೆಯೇ ರೇಡಿಯೇಷನ್ ಆಗಿದ್ದರೆ ಲೆಕ್ಕ ಬೇರೆ. ಪಿಎಸ್‌ಎ ಎಷ್ಟು ಕೆಳಗೆ ಇಳಿದಿತ್ತೋ ಅದರ ಮೇಲೆ 2 ಏರಿದರೆ ಮರಳಿದೆ ಅನ್ನುತ್ತಾರೆ. ಒಮ್ಮೆ ರೇಡಿಯೇಷನ್ ಬಿದ್ದ ಜಾಗಕ್ಕೇ ಮತ್ತೆ ಕೊಡುವಾಗ ಅಪಾಯ ಜಾಸ್ತಿ. ಹಾಗಾಗಿ ಅಂಥವರು ಅಡ್ಡಪರಿಣಾಮದ ಮಾತನ್ನು ಮೊದಲೇ, ಕೂಲಂಕಷವಾಗಿ ಆಡಿಕೊಳ್ಳಬೇಕು.

ತೊಂದರೆ ಯಾಕೆ ಆಗುತ್ತದೆ ಅಂದರೆ, ಆ ಜಾಗದ ಮೇಲೆ ಮೂತ್ರಕೋಶ, ಹಿಂದೆಯೇ ಗುದನಾಳ. ಎರಡೂ ಅಂಟಿಕೊಂಡಂತೆ ಇವೆ. ಎಷ್ಟೇ ನಿಖರವಾದ ಮಷೀನ್ ಆದರೂ ಕಿರಣ ಅಷ್ಟಿಷ್ಟು ಅವುಗಳಿಗೂ ತಗಲುತ್ತದೆ.

ತೊಂದರೆಗಳಲ್ಲಿ ಎರಡು ಬಗೆ. ಬೇಗ ಬರುವವು ಒಳಪದರ ಕೆರಳಿ ಊದಿಕೊಳ್ಳುವುದರಿಂದ ಆಗುತ್ತವೆ. ಎರಡು ಮೂರನೇ ವಾರಕ್ಕೆ ಶುರುವಾಗಿ, ಚಿಕಿತ್ಸೆಯ ಕೊನೆಯ ಹೊತ್ತಿಗೆ ಜೋರಾಗಿ, ಮುಗಿದ ನಾಲ್ಕಾರು ವಾರಗಳಲ್ಲಿ ತಣ್ಣಗಾಗುತ್ತವೆ. ಕೆಲವರಿಗೆ ಮೂರು ತಿಂಗಳೂ ಬೇಕು. ತಡವಾಗಿ ಬರುವವು ಸಣ್ಣ ರಕ್ತನಾಳಗಳು ಕಿರಿದಾಗಿ, ಒಳಗೆ ಗಾಯದ ಕಲೆಯಂತೆ ಗಟ್ಟಿಯಾಗುವುದರಿಂದ ಆಗುತ್ತವೆ. ಇವು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಮೇಲೆ ತಲೆ ಎತ್ತುತ್ತವೆ. ಎಲ್ಲರಿಗೂ ಎಲ್ಲವೂ ಬರುವುದಿಲ್ಲ. ಆದರೆ ಈ ವ್ಯತ್ಯಾಸ ಗೊತ್ತಿದ್ದರೆ ಐದನೇ ವಾರದಲ್ಲಿ "ಇನ್ನು ಜೀವನಪೂರ್ತಿ ಹೀಗೇನಾ" ಅಂತ ಕಂಗಾಲಾಗುವುದು ತಪ್ಪುತ್ತದೆ.

1. ಶುರುವಾಗುವ ಮುಂಚೆಯೇ ಒಂದು ನೋಟ್‌ಬುಕ್ ಇಡಿ

ಚಿಕಿತ್ಸೆಗೆ ಮುಂಚೆ ಮೂರು ದಿನ ಎಲ್ಲವನ್ನೂ ಬರೆಯಿರಿ. ಹಗಲು ಎಷ್ಟು ಸಲ ಒಂದಕ್ಕೆ, ರಾತ್ರಿ ಎಷ್ಟು ಸಲ, ಸೋರಿಕೆ ಇದ್ದರೆ ದಿನಕ್ಕೆ ಎಷ್ಟು ಪ್ಯಾಡ್, ಎರಡಕ್ಕೆ ಎಷ್ಟು ಸಲ ಮತ್ತು ಹೇಗೆ. ಆಪರೇಷನ್ ಆದವರಿಗೆ ಸ್ವಲ್ಪ ಸೋರಿಕೆ ಮೊದಲೇ ಇರಬಹುದು. ಅದನ್ನು ಬರೆದಿಡದಿದ್ದರೆ ಆಮೇಲೆ ಯಾವುದು ಹಳೆಯದು, ಯಾವುದು ರೇಡಿಯೇಷನ್‌ನಿಂದ ಅಂತ ಯಾರಿಗೂ ಗೊತ್ತಾಗುವುದಿಲ್ಲ.

"ತುಂಬಾ ಸಲ ಹೋಗ್ತಾ ಇದೆ" ಅನ್ನುವುದಕ್ಕೂ "ಮೊದಲು ರಾತ್ರಿ ಎರಡು ಸಲ, ಈಗ ಏಳು" ಅನ್ನುವುದಕ್ಕೂ ಬಹಳ ಅಂತರ ಇದೆ. ಬಾಯಲ್ಲಿ ಹೇಳಲು ನಾಚಿಕೆಯಾದರೆ ನೋಟ್‌ಬುಕ್ಕನ್ನೇ ಡಾಕ್ಟರ್ ಮುಂದೆ ತೆರೆದಿಡಿ. ಆಮೇಲಾಮೇಲೆ ಅಪ್ಪ ಮಾಡಿದ್ದು ಅದನ್ನೇ. ಏನೂ ಮಾತಾಡದೆ ಪುಟ ತಿರುಗಿಸಿ ಕೊಡುತ್ತಿದ್ದರು.

ರಕ್ತ ತೆಳುವಾಗುವ ಮಾತ್ರೆ, ಸಕ್ಕರೆ ಕಾಯಿಲೆ, ಮೂಲವ್ಯಾಧಿ, ಹಳೆಯ ಕರುಳಿನ ಕಾಯಿಲೆ ಇದ್ದರೆ ಆಗಲೇ ಹೇಳಿಬಿಡಿ.

ಇದೇ ಸಮಯದಲ್ಲಿ ಒಂದು ವ್ಯಾಯಾಮ ಕಲಿಯಿರಿ. ನಾಲ್ಕು ಜನರ ನಡುವೆ ಕೂತಾಗ ಗ್ಯಾಸ್ ಹೋಗದಂತೆ ಬಿಗಿ ಹಿಡಿಯುತ್ತೇವಲ್ಲ, ಆ ಸ್ನಾಯುವನ್ನು 5 ಸೆಕೆಂಡ್ ಬಿಗಿಯಬೇಕು, 5 ಸೆಕೆಂಡ್ ಪೂರ್ತಿ ಸಡಿಲ ಬಿಡಬೇಕು. ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು. ಹೊಟ್ಟೆ, ತೊಡೆ, ಕುಂಡೆ ಬಿಗಿಯಬಾರದು. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡುವುದು ಬೇಡ. ಸಡಿಲ ಬಿಡುವುದನ್ನು ಬಹಳ ಜನ ಮರೆಯುತ್ತಾರೆ. ಅದು ಬಿಗಿಯುವಷ್ಟೇ ಮುಖ್ಯ. ಮಾಡಿದ ಮೇಲೆ ನೋವು ಬಂದರೆ, ಮೂತ್ರ ಸರಿಯಾಗಿ ಇಳಿಯದಿದ್ದರೆ ನಿಲ್ಲಿಸಿ ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿ.

2. ದಿನದ ತಯಾರಿ: ತುಂಬಿದ ಮೂತ್ರಕೋಶ, ಖಾಲಿ ಗುದನಾಳ

ಅಡ್ಡಪರಿಣಾಮ ಕಡಿಮೆ ಮಾಡಲು ನಿಮ್ಮ ಕೈಯಲ್ಲಿ ಇರುವುದು ಮುಖ್ಯವಾಗಿ ಇದೇ. ಆದರೂ ಇದನ್ನು ಸುಮ್ನೆ ಒಂದು ನಿಯಮ ಅಂದುಕೊಳ್ಳುವವರೇ ಜಾಸ್ತಿ. ಮೂತ್ರಕೋಶ ತುಂಬಿದ್ದರೆ ಅದು ಬಲೂನಿನಂತೆ ಮೇಲಕ್ಕೆ ಹಿಗ್ಗುತ್ತದೆ. ಅದರ ಬಹುಭಾಗ ಕಿರಣದ ದಾರಿಯಿಂದ ಆಚೆ ಹೋಗುತ್ತದೆ, ಕರುಳನ್ನೂ ಮೇಲಕ್ಕೆ ತಳ್ಳುತ್ತದೆ. ಗುದನಾಳದಲ್ಲಿ ಮಲ, ಗ್ಯಾಸ್ ತುಂಬಿದ್ದರೆ ಅದರ ಮುಂಭಾಗ ಕಿರಣಕ್ಕೆ ಎದುರಾಗಿ ಉಬ್ಬುತ್ತದೆ.

ಮೊದಲು ಒಂದಕ್ಕೆ ಹೋಗಿ ಪೂರ್ತಿ ಖಾಲಿ ಮಾಡಿ. ಆಮೇಲೆ ಅವರು ಹೇಳಿದಷ್ಟು ನೀರನ್ನು ಹೇಳಿದ ಹೊತ್ತಿಗೆ ಕುಡಿಯಿರಿ. ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ 300ರಿಂದ 500 ಮಿಲಿ ಹೇಳುತ್ತಾರೆ. ದಿನಾ ಅಷ್ಟೇ ನೀರು, ಅಷ್ಟೇ ಹೊತ್ತು ಇರಲಿ. ಅಪ್ಪ ಬಾಟಲಿಗೆ ಮಾರ್ಕರ್‌ನಲ್ಲಿ ಗೆರೆ ಎಳೆದಿಟ್ಟುಕೊಂಡಿದ್ದರು. ಹಿಂದಿನ ದಿನ ನೀರು ಕಡಿಮೆ ಕುಡಿದಿದ್ದರೆ ಮೂತ್ರಕೋಶ ತುಂಬಲು ಬಹಳ ಹೊತ್ತು ಬೇಕು, ಹಾಗಾಗಿ ತಯಾರಿ ಹಿಂದಿನ ದಿನದಿಂದಲೇ ಶುರು. ಮಲಬದ್ಧತೆ ಇದ್ದರೆ ಮೊದಲೇ ಹೇಳಿ, ಮಲ ಮೆತ್ತಗಾಗುವ ಔಷಧಿ ಕೊಡುತ್ತಾರೆ.

ಒಂದು ದಿನ ಮಷೀನ್ ಕೆಟ್ಟು ಮುಕ್ಕಾಲು ಗಂಟೆ ತಡವಾಯಿತು. ಬೆಂಚಿನ ಮೇಲೆ ಅಪ್ಪ ಮೊಣಕಾಲುಗಳನ್ನು ಒತ್ತಿಕೊಂಡು, ಗೋಡೆ ಗಡಿಯಾರ ನೋಡುತ್ತಾ ಕೂತಿದ್ದರು. ಹಣೆಯಲ್ಲಿ ಬೆವರು. ಪಕ್ಕದಲ್ಲಿ ಇನ್ನೊಬ್ಬ ಹಿರಿಯರು, ಅವರದ್ದೂ ಅದೇ ಸ್ಥಿತಿ. ಇಬ್ಬರೂ ಎದ್ದು ಹೋಗಿ ಕೇಳಲಿಲ್ಲ. ನಾನು ಹೋಗಿ ಹೇಳಿದೆ. ಟೆಕ್ನಿಷಿಯನ್ ಹುಡುಗಿ ಓಡಿ ಬಂದು, "ಅಯ್ಯೋ, ಹೋಗಿ ಬನ್ನಿ ಅಂಕಲ್, ಮತ್ತೆ ನೀರು ಕುಡಿದರಾಯ್ತು" ಅಂದಳು. ಅಷ್ಟೇ. ತಡವಾದರೆ ಹೇಳಿ. ಟೇಬಲ್ ಮೇಲೆ ಒಂಚೂರು ಸೋರಿದರೂ ಅವರಿಗೆ ಅದು ಹೊಸದಲ್ಲ. ಚೀಲದಲ್ಲಿ ಒಂದು ಜೊತೆ ಬಟ್ಟೆ, ಎರಡು ಪ್ಯಾಡ್, ಒಂದು ಪ್ಲಾಸ್ಟಿಕ್ ಕವರ್ ಯಾವಾಗಲೂ ಇರಲಿ.

ಇನ್ನೊಂದು ಮಾತು. ಹೊರಗಿನಿಂದ ಕೊಡುವ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ. ಮನೆಗೆ ಬಂದು ಮೊಮ್ಮಕ್ಕಳನ್ನು ಧಾರಾಳವಾಗಿ ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ಒಳಗೆ ಬೀಜದಂಥ ಕಣ ಇಟ್ಟು ಕೊಡುವ ಚಿಕಿತ್ಸೆಗೆ ಮಾತ್ರ ಬೇರೆ ನಿಯಮ ಇದೆ, ಅದನ್ನು ಆಸ್ಪತ್ರೆಯವರೇ ಹೇಳುತ್ತಾರೆ.

3. ಮೂತ್ರದ ತೊಂದರೆ

ಉರಿ, ಪದೇ ಪದೇ ಹೋಗಬೇಕು ಅನ್ನಿಸುವುದು, ಬಂದರೆ ತಡೆಯಲಾಗದಷ್ಟು ಅವಸರ, ಸಣ್ಣ ಧಾರೆ, ರಾತ್ರಿ ಎಚ್ಚರ. ಬಹುತೇಕರಿಗೆ ಇವುಗಳಲ್ಲಿ ಒಂದಾದರೂ ಬರುತ್ತದೆ.

ಮೊದಲ ತಪ್ಪು ನೀರು ಕಡಿಮೆ ಮಾಡುವುದು. ಪದೇ ಪದೇ ಹೋಗಬೇಕಲ್ಲ ಅಂತ ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ, ಕೆರಳಿದ ಒಳಪದರವನ್ನು ಇನ್ನಷ್ಟು ಉರಿಸುತ್ತದೆ. ಹೃದಯ, ಕಿಡ್ನಿ ತೊಂದರೆಯಿಂದ ನೀರಿಗೆ ಮಿತಿ ಹಾಕಿಲ್ಲದಿದ್ದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಕುಡಿಯಿರಿ. ಜಾಸ್ತಿ ಭಾಗ ಬೆಳಿಗ್ಗೆ, ಮಧ್ಯಾಹ್ನ. ಮಲಗುವ ಎರಡು ಮೂರು ಗಂಟೆ ಮುಂಚೆ ಕಡಿಮೆ ಮಾಡಿ. ಕಾಫಿ, ಟೀ, ಮದ್ಯ, ಗ್ಯಾಸ್ ತುಂಬಿದ ತಂಪು ಪಾನೀಯ, ಜಾಸ್ತಿ ಖಾರ ಮೂತ್ರಕೋಶವನ್ನು ಕೆರಳಿಸುತ್ತವೆ. ಎಲ್ಲವನ್ನೂ ಒಟ್ಟಿಗೆ ಬಿಡಬೇಕಿಲ್ಲ. ಒಂದೊಂದನ್ನೇ ನಾಲ್ಕು ದಿನ ಬಿಟ್ಟು ನೋಟ್‌ಬುಕ್ಕಿನಲ್ಲಿ ನೋಡಿ. ನಿಮಗೆ ಯಾವುದು ಆಗದು ಅಂತ ಅದೇ ಹೇಳುತ್ತದೆ.

ಉರಿ ಜೋರಾದರೆ ರೇಡಿಯೇಷನ್‌ನಿಂದ ಅಂತ ಸುಮ್ಮನಿರಬೇಡಿ. ಸೋಂಕು ಇದ್ದರೂ ಹೀಗೇ ಉರಿಯುತ್ತದೆ, ಮೂತ್ರ ಪರೀಕ್ಷೆ ಮಾಡಿಸಬೇಕು. ಸೋಂಕಿಲ್ಲ ಅಂದರೆ ಮಾತ್ರೆಗಳಿವೆ. ಧಾರೆ ಸಣ್ಣಗಿದ್ದರೆ ಟ್ಯಾಮ್ಸುಲೋಸಿನ್‌ನಂಥವು. ಇದರಿಂದ ಎದ್ದು ನಿಲ್ಲುವಾಗ ತಲೆ ಸುತ್ತಬಹುದು, ರಾತ್ರಿ ಹಾಸಿಗೆಯ ಅಂಚಿನಲ್ಲಿ ಅರೆ ನಿಮಿಷ ಕೂತು ಏಳಿ. ಕಣ್ಣಿನ ಪೊರೆ ಆಪರೇಷನ್ ಮಾಡಿಸುವವರಿದ್ದರೆ ಈ ಮಾತ್ರೆ ತಗೊಂಡಿದ್ದು ಕಣ್ಣಿನ ಡಾಕ್ಟರ್‌ಗೆ ಗೊತ್ತಿರಲೇಬೇಕು. ಅವಸರಕ್ಕೆ ಸೊಲಿಫೆನಾಸಿನ್, ಮಿರಾಬೆಗ್ರಾನ್ ಥರದವು ಇವೆ. ಮೊದಲನೆಯದರಿಂದ ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ. ವಯಸ್ಸಾದವರಿಗೆ ಮಂಕು ಕವಿದಂತೆ ಆಗುವುದೂ ಉಂಟು. ಎರಡನೆಯದರಲ್ಲಿ ಬಿಪಿ ನೋಡಿಕೊಳ್ಳಬೇಕು.

ಚಿಕಿತ್ಸೆ ಮುಗಿದು ಉರಿ ಇಳಿದ ಮೇಲೂ ಅವಸರ ಉಳಿದರೆ ಮೂತ್ರಕೋಶಕ್ಕೆ ಮತ್ತೆ ಪಾಠ ಕಲಿಸಬೇಕು. ಹೋಗಬೇಕು ಅನ್ನಿಸಿದಾಗ ಓಡಬೇಡಿ. ನಿಂತಲ್ಲೇ ನಿಂತು, ಮೊದಲು ಹೇಳಿದ ವ್ಯಾಯಾಮದ ಸ್ನಾಯುವನ್ನು ನಾಲ್ಕೈದು ಸಲ ಪಟಪಟ ಬಿಗಿದು ಬಿಡಿ. ಅವಸರದ ಅಲೆ ಇಳಿದ ಮೇಲೆ ನಿಧಾನ ನಡೆದು ಹೋಗಿ. ಮೊದಲ ವಾರ 5 ನಿಮಿಷ ತಡೆಯಿರಿ, ಮುಂದಿನ ವಾರ 10. ಓಡುವುದರಿಂದಲೇ ಸೋರಿಕೆ ಜಾಸ್ತಿ, ರಾತ್ರಿ ಬೀಳುವುದೂ ಹಾಗೆಯೇ. ಮಂಚದಿಂದ ಬಚ್ಚಲಿನವರೆಗೆ ಒಂದು ಸಣ್ಣ ದೀಪ ಹಾಕಿ, ದಾರಿಯಲ್ಲಿ ಚಾಪೆ ಚಪ್ಪಲಿ ಇಲ್ಲದಂತೆ ನೋಡಿಕೊಳ್ಳಿ.

4. ಎರಡಕ್ಕೆ ಹೋಗುವ ತೊಂದರೆ

ಮೂರನೇ ವಾರದ ಸುಮಾರಿಗೆ ಮಲ ತೆಳುವಾಗಬಹುದು, ಲೋಳೆ ಬರಬಹುದು. ಹೋಗಿ ಬಂದ ಮೇಲೂ "ಇನ್ನೂ ಇದೆ" ಅನ್ನಿಸಿ ಮತ್ತೆ ಹೋಗಿ ಕೂರುವುದು ಬಹಳ ಹಿಂಸೆ. ಒಳಪದರ ಊದಿರುವುದರಿಂದ ಹಾಗೆ ಅನ್ನಿಸುತ್ತದೆ, ಅಲ್ಲಿ ಏನೂ ಇರುವುದಿಲ್ಲ. ಮುಕ್ಕಿ ಮುಕ್ಕಿ ಕೂತರೆ ಮೂಲವ್ಯಾಧಿ ಕೆರಳುತ್ತದೆ, ರಕ್ತವೂ ಬರುತ್ತದೆ. ಐದು ನಿಮಿಷದಲ್ಲಿ ಆಗದಿದ್ದರೆ ಎದ್ದು ಬನ್ನಿ.

ಈ ಹೊತ್ತಿನಲ್ಲಿ ನಾರು ಜಾಸ್ತಿ ಇರುವ ಆಹಾರ ಒಳ್ಳೆಯದು ಅನ್ನುವ ಮಾತನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಭೇದಿ ಇರುವಾಗ ಹಸಿ ತರಕಾರಿ, ಸಿಪ್ಪೆ, ಬೀಜ, ಕರಿದದ್ದು, ಗ್ಯಾಸ್ ಮಾಡುವ ಕಾಳುಗಳನ್ನು ಕಡಿಮೆ ಮಾಡಿ. ಮೆತ್ತಗೆ ಬೆಂದದ್ದು, ಬಾಳೆಹಣ್ಣು, ಸಿಪ್ಪೆ ತೆಗೆದು ಬೇಯಿಸಿದ ತರಕಾರಿ ಹಿಡಿಸುತ್ತವೆ. ಕೆಲವರಿಗೆ ಈ ಸಮಯದಲ್ಲಿ ಹಾಲು ಅರಗುವುದಿಲ್ಲ, ಒಂದು ವಾರ ಬಿಟ್ಟು ನೋಡಿ. ತಣ್ಣಗಾದ ಮೇಲೆ ನಾರನ್ನು ಸ್ವಲ್ಪ ಸ್ವಲ್ಪವಾಗಿ ಮತ್ತೆ ತನ್ನಿ. ಭೇದಿಗೆ ಲೋಪೆರಮೈಡ್ ಒಳ್ಳೆಯ ಮಾತ್ರೆಯೇ, ಆದರೆ ಕೇಳದೆ ತಗೊಳ್ಳಬೇಡಿ. ಜ್ವರ ಇದ್ದಾಗ, ರಕ್ತ ಬೀಳುವಾಗ ಅದು ಸರಿಯಲ್ಲ. ಜಾಸ್ತಿಯಾದರೆ ಮಲ ಕಟ್ಟಿ ದಿನದ ತಯಾರಿಯೂ ಕೆಡುತ್ತದೆ.

ಗುದದ ಸುತ್ತ ಉರಿಯುತ್ತಿದ್ದರೆ ಒರೆಸುವುದಕ್ಕಿಂತ ನೀರಿನಲ್ಲಿ ತೊಳೆದು ಮೆತ್ತಗೆ ಒತ್ತಿ ಒಣಗಿಸಿ. ಉಗುರುಬೆಚ್ಚಗಿನ ನೀರಿನ ಟಬ್‌ನಲ್ಲಿ 10-15 ನಿಮಿಷ ಕೂತರೆ ಹಾಯೆನಿಸುತ್ತದೆ. ಕಿರಣ ಬೀಳುವ ಜಾಗಕ್ಕೆ ಅವರನ್ನು ಕೇಳದೆ ಯಾವ ಕ್ರೀಮನ್ನೂ ಹಚ್ಚಬೇಡಿ.

5. ಸುಸ್ತು

ಇದು ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ. ಅಪ್ಪ ಶರ್ಟಿನ ಗುಂಡಿ ಹಾಕುತ್ತಾ ಅರ್ಧದಲ್ಲಿ ನಿಲ್ಲಿಸಿ ಕೂತುಬಿಡುತ್ತಿದ್ದರು. ವಿಚಿತ್ರ ಅನ್ನಿಸಬಹುದು, ಇದಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ನಡಿಗೆ. 10 ನಿಮಿಷದಿಂದ ಶುರು ಮಾಡಿ. ಮಧ್ಯಾಹ್ನ ಅರ್ಧ ಗಂಟೆಗಿಂತ ಜಾಸ್ತಿ ಮಲಗಬೇಡಿ. ಮುಖ್ಯವಾದ ಕೆಲಸವನ್ನು ಮೈ ಹಗುರಾಗಿರುವ ಹೊತ್ತಿಗೆ ಇಟ್ಟುಕೊಳ್ಳಿ. ಸುಸ್ತು ವಿಪರೀತ ಅನ್ನಿಸಿದರೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ನೋಡಿಸಿ.

6. ಜೊತೆಗೆ ಹಾರ್ಮೋನ್ ಇಂಜೆಕ್ಷನ್ ಇದ್ದರೆ

ಮರಳಿ ಬಂದ ಕ್ಯಾನ್ಸರ್‌ನಲ್ಲಿ ರೇಡಿಯೇಷನ್ ಜೊತೆಗೆ 6 ತಿಂಗಳು, ಕೆಲವರಿಗೆ 2 ವರ್ಷ ಹಾರ್ಮೋನ್ ಚಿಕಿತ್ಸೆಯೂ, ಅಂದರೆ ಗಂಡಸರ ಹಾರ್ಮೋನನ್ನು ಇಳಿಸುವ ಚಿಕಿತ್ಸೆಯೂ ಇರುತ್ತದೆ. ಆಗ ಯಾವುದು ಯಾವುದರಿಂದ ಅಂತ ಗೊಂದಲ. ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುವುದು, ಹೊಟ್ಟೆ ಬರುವುದು, ಸ್ನಾಯು ಕರಗುವುದು, ಆಸೆ ಇಲ್ಲವಾಗುವುದು, ಸುಮ್ಮಸುಮ್ಮನೆ ಕಣ್ಣಲ್ಲಿ ನೀರು ಬರುವುದು ಇಂಜೆಕ್ಷನ್‌ನಿಂದ. ಎಂದೂ ಅಳದ ಗಂಡಸು ಟಿವಿ ನೋಡುತ್ತಾ ಅತ್ತರೆ ಮನೆಯವರು ಗಾಬರಿಯಾಗುತ್ತಾರೆ. ಅದು ದೌರ್ಬಲ್ಯವಲ್ಲ, ಹಾರ್ಮೋನ್ ಇಳಿದಿದೆ ಅಷ್ಟೇ. ಆದರೆ ಬೇಸರ ವಾರಗಟ್ಟಲೆ ಬಿಡದಿದ್ದರೆ ಡಾಕ್ಟರ್‌ಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ.

ಮೂಳೆ ತೆಳುವಾಗುತ್ತದೆ. ಡೆಕ್ಸಾ ಸ್ಕ್ಯಾನ್ (ಮೂಳೆಯ ಗಟ್ಟಿತನ ಅಳೆಯುವುದು), ಕ್ಯಾಲ್ಸಿಯಂ, ವಿಟಮಿನ್ ಡಿ ಬಗ್ಗೆ ಕೇಳಿ. ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ಇಲ್ಲವೇ ರಬ್ಬರ್ ಬ್ಯಾಂಡ್ ಎಳೆಯುವ ವ್ಯಾಯಾಮ ಇರಲಿ. ಸಕ್ಕರೆ, ಕೊಲೆಸ್ಟ್ರಾಲ್, ಬಿಪಿ ಆಗಾಗ ನೋಡಿಸಿ.

7. ಗಂಡ ಹೆಂಡಿರ ನಡುವಿನ ವಿಷಯ

ಇದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಆಪರೇಷನ್ ಆದ ಕೂಡಲೇ ನಿಮಿರುವಿಕೆ ಕಡಿಮೆಯಾಗುತ್ತದೆ. ರೇಡಿಯೇಷನ್‌ನ ಪರಿಣಾಮ ಹಾಗಲ್ಲ. ಅದು ತಿಂಗಳುಗಳಿಂದ ಒಂದೆರಡು ವರ್ಷದಲ್ಲಿ ನಿಧಾನವಾಗಿ ಇಳಿಯುತ್ತದೆ. ಹಾಗಾಗಿ "ವಯಸ್ಸಾಯ್ತು" ಅಂತ ಸುಮ್ಮನಾಗುತ್ತಾರೆ. ಪ್ರಾಸ್ಟೇಟ್ ತೆಗೆದವರಿಗೆ ವೀರ್ಯ ಬರುವುದಿಲ್ಲ, ಆದರೆ ಸುಖದ ತುದಿ ಮುಟ್ಟುವುದು ಸಾಧ್ಯ. ಬಹಳ ಜನರಿಗೆ ಇದು ಗೊತ್ತಿಲ್ಲ.

ಸಿಲ್ಡೆನಫಿಲ್, ಟಾಡಲಫಿಲ್ ಮಾತ್ರೆಗಳು ಕೆಲವರಿಗೆ ಸಹಾಯ ಮಾಡುತ್ತವೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತಗೊಳ್ಳುವವರು ಇವನ್ನು ಮುಟ್ಟಲೇಬಾರದು. ಬಿಪಿ ಅಪಾಯಕ್ಕೆ ಇಳಿಯುತ್ತದೆ. ಮಾತ್ರೆ ಕೆಲಸ ಮಾಡದಿದ್ದರೆ ವ್ಯಾಕ್ಯೂಮ್ ಪಂಪ್, ಇಂಜೆಕ್ಷನ್ ಇವೆ. ಹೆಂಡತಿಯನ್ನೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಗಂಡ ದೂರ ಮಲಗಲು ಶುರು ಮಾಡಿದ್ದು ಯಾಕೆ ಅಂತ ಅವರೂ ಒಳಗೊಳಗೇ ಯೋಚಿಸುತ್ತಿರುತ್ತಾರೆ, ಅಲ್ವಾ?

8. ಮುಗಿದ ಮೇಲೆ

ಕೊನೆಯ ದಿನ ಎಲ್ಲರೂ ಖುಷಿಪಡುತ್ತಾರೆ. ಮುಂದಿನ ಒಂದೆರಡು ವಾರ ತೊಂದರೆ ಇನ್ನೂ ಜೋರಾಗಬಹುದು ಅಂತ ಮೊದಲೇ ತಿಳಿದಿರಲಿ. ಪಿಎಸ್‌ಎ ಕೂಡ ತಟ್ಟನೆ ಇಳಿಯುವುದಿಲ್ಲ, ತಿಂಗಳುಗಳು ಬೇಕು. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೊಮ್ಮೆ ನೋಡುತ್ತಾರೆ. ಒಂದೇ ಲ್ಯಾಬ್‌ನಲ್ಲಿ ಮಾಡಿಸಿದರೆ ಹೋಲಿಸಲು ಸುಲಭ. ರಿಪೋರ್ಟ್ ಬರುವ ವಾರ ಮನೆಯಲ್ಲಿ ಎಲ್ಲರಿಗೂ ಹೊಟ್ಟೆಯಲ್ಲಿ ಸಂಕಟ. ಪರೀಕ್ಷೆ ಮಾಡಿಸಿದ ಮಾರನೇ ದಿನಕ್ಕೇ ಡಾಕ್ಟರ್ ಭೇಟಿ ಇಟ್ಟುಕೊಂಡರೆ ಆ ಕಾಯುವಿಕೆ ಕಡಿಮೆಯಾಗುತ್ತದೆ.

ವರ್ಷದ ಮೇಲೆ ಮಲದಲ್ಲಿ ಕೆಂಪು ರಕ್ತ ಕಂಡರೆ ಕೈಕಾಲು ತಣ್ಣಗಾಗುತ್ತವೆ. ಬಹಳ ಸಲ ಅದು ಗುದನಾಳದಲ್ಲಿ ಹೊಸದಾಗಿ ಹುಟ್ಟಿದ ತೆಳು ರಕ್ತನಾಳಗಳು ಒಡೆದು ಬಂದದ್ದು. ಆದರೂ ತೋರಿಸಲೇಬೇಕು. ಸ್ವಲ್ಪವಾದರೆ ಮಲ ಮೆತ್ತಗಿಟ್ಟುಕೊಂಡರೆ ಸಾಕು. ಜಾಸ್ತಿಯಾದರೆ ಸುಕ್ರಾಲ್ಫೇಟ್ ಎನಿಮಾ (ಗುದದ ಮೂಲಕ ಒಳಗೆ ಬಿಡುವ ಔಷಧಿ), ಆರ್ಗಾನ್ ಪ್ಲಾಸ್ಮಾದಿಂದ ಸುಟ್ಟು ಮುಚ್ಚುವುದು, ಒತ್ತಡದ ಕೋಣೆಯಲ್ಲಿ ಆಮ್ಲಜನಕ ಕೊಡುವುದು, ಹೀಗೆ ದಾರಿಗಳಿವೆ. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ಒಂದೇ ಸಲವಾದರೂ ಯೂರಾಲಜಿಸ್ಟ್ (ಮೂತ್ರದ ತೊಂದರೆ ನೋಡುವ ಡಾಕ್ಟರ್) ನೋಡಬೇಕು. ಧಾರೆ ದಿನದಿಂದ ದಿನಕ್ಕೆ ಸಣ್ಣಗಾಗುತ್ತಿದ್ದರೆ ಒಳಗೆ ಕಲೆ ಕಟ್ಟಿ ದಾರಿ ಕಿರಿದಾಗಿರಬಹುದು. ಅದನ್ನು ಹಿಗ್ಗಿಸಬಹುದು.

ಕೆಲವಕ್ಕೆ ಮಾತ್ರ ಬೆಳಗಾಗಲಿ ಅಂತ ಕಾಯಬಾರದು. ಮೂತ್ರ ಪೂರ್ತಿ ನಿಂತು ಹೊಟ್ಟೆ ಉಬ್ಬಿದರೆ, ಮೂತ್ರದಲ್ಲಿ ಹೆಪ್ಪುಗಟ್ಟಿದ ರಕ್ತದ ತುಣುಕುಗಳು ಬಂದರೆ, ಗುದದಿಂದ ರಕ್ತ ನಿಲ್ಲದಿದ್ದರೆ, ಚಳಿಯ ಜೊತೆ 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ ಬಂದರೆ, ಹೊಸದಾಗಿ ಬೆನ್ನುನೋವು ಬಂದು ಕಾಲಿನಲ್ಲಿ ಬಲ ಕುಂದಿದರೆ ಆಗಲೇ ಆಸ್ಪತ್ರೆಗೆ ಹೋಗಿ.

ಇನ್ನು ಒಂದು ಚೀಟಿ ಮಾಡಿಟ್ಟುಕೊಳ್ಳಿ. ಯಾವ ಜಾಗಕ್ಕೆ ರೇಡಿಯೇಷನ್, ಒಟ್ಟು ಎಷ್ಟು ಗ್ರೇ, ಎಷ್ಟು ದಿನ, ಯಾವ ತಿಂಗಳು ಮುಗಿಯಿತು, ಹಾರ್ಮೋನ್ ಯಾವುದು. ಐದು ವರ್ಷದ ಮೇಲೆ ಬೇರೆ ಊರಿನಲ್ಲಿ ಬೇರೆ ಡಾಕ್ಟರ್ ಕೊಲೊನೋಸ್ಕೋಪಿ (ಗುದದ ಮೂಲಕ ಕ್ಯಾಮೆರಾ ಹಾಕಿ ಕರುಳು ನೋಡುವುದು) ಮಾಡುವಾಗ ಇದು ಬೇಕಾಗುತ್ತದೆ. ರೇಡಿಯೇಷನ್ ಬಿದ್ದ ಗುದನಾಳದ ಮುಂಭಾಗದಿಂದ ತೀರಾ ಅಗತ್ಯವಿಲ್ಲದೆ ಪರೀಕ್ಷೆಗೆ ಅಂತ ತುಣುಕು ತೆಗೆದರೆ ಆ ಗಾಯ ಮಾಯದೆ ತೂತಾಗುವ ಅಪಾಯ ಇದೆ. ಚೀಟಿ ನೋಡಿದರೆ ಅವರು ಎಚ್ಚರ ವಹಿಸುತ್ತಾರೆ. ಅಪ್ಪನ ಚೀಟಿ ಅವರ ಪರ್ಸಿನಲ್ಲಿದೆ, ಅದರ ಫೋಟೋ ನನ್ನ ಫೋನಿನಲ್ಲಿದೆ.